ಮಾರನ ಬೋಟಿಗೆ ಲಿಂಗಿ ಆರಿಸಿದ ಪ್ರೊಪೆಲರ್

ಹಾರಂಗಿ ಹಿನ್ನೀರಿನ ಆಚೆ ದಡದ ಎಸ್ಟೇಟಿಗೆ ಲಿಂಗಿಯೂ ಇನ್ನೇಳು ಹೆಂಗಸರೂ ಅವಳ ಗಂಡ ಮಾರನ ಮೋಟಾರು ಬೋಟಿನಲ್ಲೇ ಕಾಫಿ ಪಿಕ್ಕಿಂಗಿಗೆ ಹೋಗಬೇಕು. ಎಂಟು ಗಂಟೆ ದಾಟಿದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹಾಜರಿ ಹಾಕುವುದಿಲ್ಲ. ಹಳೆಯ ಪ್ರೊಪೆಲರ್ ಬಂಡೆಗೆ ಬಡಿದು ಮುರಿದಾಗ ಅಂಗಡಿಯವನು ಎರಡು ಕೊಟ್ಟು, "ಓಡಿಸಿ ನೋಡಿ, ಹೊಂದದ್ದನ್ನ ವಾಪಸ್ ತನ್ನಿ" ಎಂದಿದ್ದ. ಒಂದು, ಪ್ರತಿ ಸುತ್ತಿಗೂ ಬೋಟನ್ನು ದೂರ ತಳ್ಳುವ ದೊಡ್ಡ ಪಿಚ್ಚಿನದು, ಅಂದರೆ ಅಲಗು ಹೆಚ್ಚು ಓರೆಯಾದದ್ದು. ಇನ್ನೊಂದು, ಸ್ವಲ್ಪ ಸ್ವಲ್ಪವೇ ತಳ್ಳುವ ಸಣ್ಣ ಪಿಚ್ಚಿನದು.

ಭಾನುವಾರ ಮಾರ ದೊಡ್ಡದನ್ನು ಹಾಕಿ ಒಬ್ಬನೇ ಓಡಿಸಿದ. ಬೋಟು ಹಾರಿತು, ಅವನ ಟೋಪಿಯೂ ಹಾರಿತು.

"ಇದೇ ಫೈನಲ್!" ಎಂದು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಲಿಂಗಿಗೆ ಕೂಗಿದ.

"ಪಿಕ್ಕಿಂಗಿಗೆ ನೀನೊಬ್ನೇ ಹೋಗ್ತೀಯಾ?" ಎನ್ನುತ್ತಾ ಲಿಂಗಿ ಒದ್ದೆ ಬಟ್ಟೆಯ ಬಕೆಟ್ಟು, ಮನೆಯಿಂದ ತರಿಸಿದ ಎರಡು ಮೂಟೆ ಅಕ್ಕಿ, ತುಂಬಿದ ಗ್ಯಾಸ್ ಸಿಲಿಂಡರ್, ಆರು ಜನ ನೆರೆಯವರು, ಅತ್ತೆ, ಅತ್ತೆಯ ಆಡು ಎಲ್ಲವನ್ನೂ ಹತ್ತಿಸಿ ತಾನೂ ಹತ್ತಿದಳು. ಮೋಟಾರು ನರಳಿತು. ಬಾತುಕೋಳಿಗಳು ಬೋಟನ್ನು ಹಿಂದೆ ಹಾಕಿ ಹೋದವು.

"ಮಗಾ, ಇಳ್ಸು. ನಾನು ಸುತ್ಕೊಂಡು ನಡ್ಕೊಂಡೇ ಬರ್ತೀನಿ" ಎಂದಳು ಅತ್ತೆ.

"ಹೊರೆ ಹೊತ್ತು ಏರು ಹತ್ತೋರು ದಾಪುಗಾಲು ಹಾಕ್ತಾರಾ? ಸಣ್ಣ ಹೆಜ್ಜೇದು ಹಾಕು" ಎಂದಳು ಲಿಂಗಿ.

ಮಾರ ದಡಕ್ಕೆ ಮರಳಿ ಸಣ್ಣದನ್ನು ಹಾಕಿದ. ಬೋಟು ಆಡಿನ ಸಮೇತ ಹತ್ತೇ ನಿಮಿಷದಲ್ಲಿ ಆಚೆ ದಡ ಮುಟ್ಟಿತು. ಸೋಮವಾರದ ಹಾಜರಿ ತಪ್ಪುವ ಭಯ ಇನ್ನಿರಲಿಲ್ಲ.

ವಾಪಸ್ ಬಂದಮೇಲೆ ಮಾರ, "ನಂಗೆ ಮೊದ್ಲೇ ಡೌಟಿತ್ತು" ಎಂದ. ಲಿಂಗಿ ಸಿಲಿಂಡರನ್ನು ಅವನ ಹೆಗಲಿಗೇರಿಸಿದಳು. ಮನೆಯ ಏರಿನಲ್ಲಿ ಮಾರ ಬಲು ಸಣ್ಣ ಹೆಜ್ಜೆ ಇಡುತ್ತಾ ಹತ್ತಿದ.