ದೊಡ್ಡಿ ಮಾದಪ್ಪನ ಬೇವರ್ಸಿಗಳು

ಕಬ್ಬಿಣದ ಗೇಟು ಕಿರ್ರೆನ್ನುವ ಸದ್ದು, ಅದರ ಹಿಂದೆಯೇ “ನಡೀ ಬೇವರ್ಸಿ!” ಎಂಬ ಕೂಗು. ಐವತ್ತರ ದಶಕದ ಗುಂಡ್ಲುಪೇಟೆಯಲ್ಲಿ ನಮಗೆ ಬೆಳಗಾಗುತ್ತಿದ್ದುದೇ ಹೀಗೆ. ಮನೆಯೆದುರಿಗೆ ಸರ್ಕಾರದ ದೊಡ್ಡಿ. ಕಂಡವರ ಹೊಲಕ್ಕೆ ನುಗ್ಗಿದ ದನಗಳನ್ನು ತಂದು ಕೂಡಿಹಾಕುವ ಜಾಗ. ಅದನ್ನು ಕಾಯುತ್ತಿದ್ದವನು ಮಾದಪ್ಪ. ಕಾಕಿ ಕೋಟಿಗೆ ಗುಂಡಿಗಳ ಬದಲು ಜಾಲಿಮುಳ್ಳು ಸಿಕ್ಕಿಸಿಕೊಳ್ಳುತ್ತಿದ್ದ. ಅವನಿಗೆ ದನ, ಅಮಲ್ದಾರರ ಜವಾನ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಳೆ, ಎಲ್ಲವೂ ಬೇವರ್ಸಿಯೇ.

ಮೈಸೂರಿನ ಕಾನ್ವೆಂಟಿನಲ್ಲಿ ನಾನು ಈ ಪದವನ್ನು ಪಿಯಾನೊ ಟೀಚರ್ ಮೇಲೆ ಪ್ರಯೋಗಿಸಿದೆ, ಪರ್ಫೆಕ್ಟ್ ಪ್ರೊನನ್ಸಿಯೇಷನ್‌ನಲ್ಲಿ. ಮನೆಗೆ ಕಾಗದ ಹೋಯಿತು. ಬೇಸಿಗೆ ರಜೆಗೆ ಬಂದ ನನ್ನನ್ನು ವಕೀಲರಾದ ನಮ್ಮಪ್ಪ ದರದರನೆ ದೊಡ್ಡಿಗೆ ಎಳೆದೊಯ್ದರು.

“ಇನ್ಮೇಲೆ ಯಾರನ್ನೂ ಬೇವರ್ಸಿ ಅನ್ನಕೂಡದು!” ಎಂದು ಮಾದಪ್ಪನ ಮೇಲೆ ರೇಗಿದರು.

“ಅದು ಬೈಗುಳ ಅಲ್ಲ ಬುದ್ಧಿ, ಸರ್ಕಾರುದ್ ಮಾತು,” ಎಂದು ಮಾದಪ್ಪ ರಿಜಿಸ್ಟರ್ ತೆರೆದ. ಅದರಲ್ಲಿ ‘ಬೇವಾರಸು’ ಎಂದೇ ಒಂದು ಕಾಲಂ! ಅಪ್ಪ ದುರುಗುಟ್ಟಿಕೊಂಡು ಹೋದ ಮೇಲೆ ನನಗೆ ಪಾಠವಾಯಿತು.

“ವಾರಸ್ದಾರ ಅಂದ್ರೆ ‘ಇದು ನಂದು’ ಅನ್ನೋನು ಕಣಮ್ಮಿ. ‘ಬೇ’ ಅಂದ್ರೆ ಇಲ್ಲ. ಪಾರ್ಸಿ ಮಾತಂತೆ. ನಂದು ಅನ್ನೋರ್ ಇಲ್ದಿದ್ರೆ ಬೇವರ್ಸಿ. ಅದ್ರಲ್ಲಿ ಈ ಎಮ್ಮೆದೇನ್ ತಪ್ಪು?”

ಮೂಲೆಯಲ್ಲಿ ಒಂಟಿ ಕೊಂಬಿನ ಮುದಿ ಎಮ್ಮೆ ನಿಂತಿತ್ತು.

“ನಾಳಿಕ್ಕೆ ಅರಾಜು. ಕಸಾಯಿಖಾನೆಯೋರ್ನ ಬುಟ್ರೆ ಇವ್ಳನ್ನ ಇನ್ಯಾರ್ ಕೂಗ್ತಾರೆ? ನಿಂಗೆ ಇಂಗ್ಲೀಸ್ ಸೈನು ಬತ್ತದಲ್ವಾ?”

ರಿಜಿಸ್ಟರಿನ ವಾರಸುದಾರರ ಜಾಗದಲ್ಲಿ ಕಾನ್ವೆಂಟ್ ಕರ್ಸಿವ್ ಸುರುಳಿ ಸುತ್ತಿ, ಅಡಿಗೆರೆ ಎಳೆದೆ. ಮರುದಿನ ಹರಾಜಿಗೆ ಬಂದ ಆಫೀಸರ್ ಅದನ್ನು ಓದಲಾರದೆ, ಯಾರೋ ದೊಡ್ಡ ಮನುಷ್ಯರದೇ ಇರಬೇಕೆಂದು ಹೆದರಿ ಎಮ್ಮೆಯನ್ನು ಬಿಟ್ಟುಬಿಟ್ಟ. ಸಂಜೆಗೆ ಮಾದಪ್ಪ ಅದನ್ನು ನಮ್ಮ ಹಿತ್ತಲಿಗೆ ತಂದು ಕಟ್ಟಿದ.

“ಮೈನರ್ ಸೈನ್ ಕೋರ್ಟಲ್ಲಿ ನಿಲ್ಲಲ್ಲ! ವಾಪಸ್ ಹೊಡ್ಕೊಂಡ್ ಹೋಗಯ್ಯ!” ಎಂದರು ಅಪ್ಪ.

“ಓಯ್ತೀನಿ ಬುದ್ಧಿ. ಒಡ್ಕಂಡ್ ಓದ್ರೆ ಇವ್ಳು ಮತ್ತೆ ಬೇವರ್ಸಿ. ಯಾರ್ನೂ ಅಂಗನ್ಬ್ಯಾಡ ಅಂದೋರು ತಾವೇಯ.”

ಅಪ್ಪ ಪಾಟೀಸವಾಲು ಕೈಬಿಟ್ಟು ಒಳಗೆ ನಡೆದರು. ಎಮ್ಮೆ ಉಳಿಯಿತು. ಹಾಲು ಮಾತ್ರ ಒಂದು ತೊಟ್ಟೂ ಇಲ್ಲ.

ಮಾದಪ್ಪನನ್ನು ನಾನು ಕೊನೆಯ ಸಲ ಕಂಡಿದ್ದು ರಜೆ ಮುಗಿಸಿ ಮೈಸೂರಿಗೆ ಹೊರಟ ಬೆಳಿಗ್ಗೆ. ಅವನಿಗೆ ಚಾಮರಾಜನಗರದ ದೊಡ್ಡಿಗೆ ವರ್ಗವಾಗಿತ್ತು. ಗುಡ್‌ಬೈ ಹೇಳಲು ಬಂದನೆಂದು ಲೇಡಿಯ ಹಾಗೆ ಕೈ ಚಾಚಿದೆ. ಅವನು ನನ್ನನ್ನು ದಾಟಿ ನೇರ ಹಿತ್ತಲಿಗೆ ನಡೆದು ಎಮ್ಮೆಯ ನೀರಿನ ಬಾನಿಯೊಳಗೆ ಇಣುಕಿದ.

“ಒಣಗೋಗದೆ. ಸೈನ್ ಮಾಡ್ಬುಟ್ರೆ ಆಗೋಯ್ತಾ ಕಣಮ್ಮಿ?”

ಹೊರಗೆ ಜಟಕಾದಿಂದ ಅಪ್ಪ ಕೂಗುತ್ತಲೇ ಇದ್ದರು. ನಾನು ಕೈಯಲ್ಲಿದ್ದ ಟ್ರಂಕು ಕೆಳಗಿಟ್ಟು, ಬಿಳಿ ಸಾಕ್ಸ್ ತೊಯ್ದು ತೊಪ್ಪೆಯಾಗುವಂತೆ ಬಾವಿಯಿಂದ ನಾಲ್ಕು ಕೊಡ ಸೇದಿ ಸುರಿದೆ. ಎಮ್ಮೆ ಮೂತಿಯಿಟ್ಟು ಕುಡಿದು ಮುಗಿಸುವವರೆಗೂ ಮಾದಪ್ಪ ನಿಂತು ನೋಡಿದ. ಆಮೇಲೆ ನನ್ನತ್ತ ತಿರುಗಿಯೂ ನೋಡದೆ ಹಿತ್ತಲ ಬಾಗಿಲು ದಾಟಿ ಹೋದ.