ಪಿನ್ನರ್‌ನಲ್ಲಿ ಸಂಜೆದೀಪ

ನಾನು ಲಂಡನ್ನಿನ ಪಿನ್ನರ್‌ಗೆ, ಮಗಳ ಮನೆಗೆ, ಬಂದದ್ದು ಚಳಿಗಾಲದಲ್ಲಿ. ಆಗ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಮೊಮ್ಮಕ್ಕಳು ನೀವಿಬ್ಬರೂ ಸ್ಕೂಲಿನಿಂದ ಬಂದು ಕೋಟು ಬಿಚ್ಚುವ ಹೊತ್ತಿಗೆ ಸರಿಯಾಗಿ ನಾನು ಅಡುಗೆಮನೆಯ ಮೂಲೆಯಲ್ಲಿ ದೇವರಿಗೆ ದೀಪ ಹಚ್ಚುತ್ತಿದ್ದೆ. ಕಲ್ಲುಸಕ್ಕರೆಯ ಆಸೆಗೆ ನೀವು ನನ್ನ ಎರಡೂ ಮಗ್ಗುಲಿಗೆ ಕೂತು ಕೈಮುಗಿಯುತ್ತಿದ್ದಿರಿ. ಹಳ್ಳಿ ಶಾಲೆಯಲ್ಲಿ ಓದಿದ ನನಗೆ ನಿಮ್ಮ ಇಂಗ್ಲಿಷ್ ಅರ್ಧವೂ ತಿಳಿಯುತ್ತಿರಲಿಲ್ಲ. ಮಾತಾಡಲು ನಾಚಿಕೆ ಬೇರೆ. ದೀಪದ ಮುಂದೆ ಮಾತ್ರ ಆ ನಾಚಿಕೆ ಇರುತ್ತಿರಲಿಲ್ಲ. ಮೊದಲು ಶ್ಲೋಕ, ಆಮೇಲೆ ಸ್ಕೂಲಿನ ಸುದ್ದಿ. ಇಡೀ ದಿನದಲ್ಲಿ ನೀವು ನನ್ನ ಪಾಲಿಗೆ ಸಿಗುತ್ತಿದ್ದುದು ಆ ಹತ್ತು ನಿಮಿಷ.

ಬೇಸಿಗೆ ಬಂತು. ಬೀದಿಯಲ್ಲಿ ಐಸ್‌ಕ್ರೀಮ್ ವ್ಯಾನಿನ ಗಂಟೆ. ಪಕ್ಕದ ಮನೆಯ ಯಜಮಾನರು ಅಂಗಿಯಿಲ್ಲದೆ ಹುಲ್ಲು ಕತ್ತರಿಸುತ್ತಿದ್ದರೆ ನಾನು ಕಿಟಕಿಯಿಂದ ಹಿಂದೆ ಸರಿಯುತ್ತಿದ್ದೆ. ಎಲ್ಲ ಚೆಂದವೇ, ಆದರೆ ಹೊತ್ತು ಮುಳುಗುವುದು ಒಂಬತ್ತು ದಾಟಿದ ಮೇಲೆ. ನೀವೋ ಏಳೂವರೆಗೆ ಹಾಸಿಗೆ ಸೇರುವವರು. ಒಂದು ವಾರ ಒಬ್ಬಳೇ ದೀಪ ಹಚ್ಚಿದೆ. ಕಲ್ಲುಸಕ್ಕರೆ ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ.

“ಗಡಿಯಾರ ನೋಡ್ಕೊಂಡು ಆರಕ್ಕೇ ಹಚ್ಚಿಬಿಡಮ್ಮ,” ಎಂದಳು ನಿಮ್ಮಮ್ಮ.

“ಇಷ್ಟು ಬಿಸಿಲಲ್ಲಿ ಯಾರಾದ್ರೂ ಸಂಜೆದೀಪ ಹಚ್ತಾರೇನೆ? ನೋಡಿದೋರು ನಗಲ್ವ?”

“ಪಿನ್ನರ್‌ನಲ್ಲಿ ಯಾರಮ್ಮ ನೋಡೋರು?”

“ದೇವರು ನೋಡಲ್ವೇನೆ?”

ಅವಳು ನಕ್ಕಳು. ಹಟ ನನ್ನದೇ ಎಂದು ನನಗೂ ಗೊತ್ತಿತ್ತು. ಆದರೆ ಹೊತ್ತು ಮುಳುಗದೆ ಬತ್ತಿ ಹೊಸೆಯಲು ಕೈ ಏಳುತ್ತಿರಲಿಲ್ಲ.

ಇದನ್ನೆಲ್ಲ ಕೇಳಿಸಿಕೊಂಡಿದ್ದ ನಿಮ್ಮಲ್ಲಿ ದೊಡ್ಡವಳು ಮರುದಿನ ಮಲಗುವ ಹೊತ್ತಿಗೆ ಕೆಳಗಿಳಿದು ಬಂದು ನನ್ನ ಸೆರಗು ಜಗ್ಗಿದಳು.

“ಅಜ್ಜಿ, ಕಮ್. ನಮ್ಮ ರೂಮಲ್ಲಿ ನೈಟ್ ಆಗಿದೆ.”

ಹೋಗಿ ನೋಡಿದರೆ ನಿಜ. ಬೇಸಿಗೆಯಲ್ಲಿ ಮಕ್ಕಳು ಮಲಗಲೆಂದು ಕಿಟಕಿಗೆ ದಪ್ಪನೆಯ ಕಪ್ಪು ಪರದೆ ಹಾಕಿರುತ್ತಾರಲ್ಲ, ಅದನ್ನು ಪೂರ್ತಿ ಎಳೆದಿದ್ದಿರಿ. ಕತ್ತಲಲ್ಲಿ ಚಿಕ್ಕವಳು ಆಗಲೇ ಕೈಮುಗಿದು ಕೂತಿದ್ದಳು.

“ಪರದೆ ಎಳೆದ್ರೆ ಸಂಜೆ ಆಗುತ್ತೇನ್ರೇ, ಕಳ್ಳಿಯರಾ?”

“ಡೈಲಿ ಅಮ್ಮ ನೈಟ್ ಅಂತಾಳೆ, ನಾವು ಬಿಲೀವ್ ಮಾಡ್ತೀವಿ,” ಎಂದಳು ದೊಡ್ಡವಳು. “ನೀನೂ ಮಾಡು.”

ನಾನು ಕೆಳಗಿಳಿದು ಹೋದೆ. ಅಡುಗೆಮನೆಯಿಂದ ದೀಪವನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ತಂದೆ. “ಸ್ಮೋಕ್ ಅಲಾರಂ ಹೊಡ್ಕೊಳುತ್ತೆ, ಹುಷಾರಮ್ಮ,” ಎಂದು ನಿಮ್ಮಮ್ಮ ಮೆಟ್ಟಿಲ ಬಳಿ ಗೊಣಗಿದಳು, ತಡೆಯಲಿಲ್ಲ. ಒಂದೇ ಬತ್ತಿ ಹಚ್ಚಿದೆ. ಚಿಕ್ಕವಳು ಶ್ಲೋಕದ ಅರ್ಧಕ್ಕೇ ನನ್ನ ತೊಡೆಯ ಮೇಲೆ ನಿದ್ದೆಹೋದಳು. ದೊಡ್ಡವಳು ಪೂರ್ತಿ ಹೇಳಿ, ಟೀಚರ್ ಮೇಲೆ ಒಂದು ಚಾಡಿಯನ್ನೂ ಹೇಳಿದಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ನನಗೆ ಎಲ್ಲ ತಿಳಿಯಿತು.

ದೀಪ ಶಾಂತ ಮಾಡಿ ಕೆಳಗೆ ಬಂದರೆ ಹಿತ್ತಲ ತುಂಬ ಬಿಸಿಲು. ಆ ಬೇಸಿಗೆಯೆಲ್ಲ ನಮ್ಮ ಮನೆಯ ಮಹಡಿಯ ಮೇಲೆ ಏಳೂವರೆಗೇ ಸಂಜೆಯಾಗುತ್ತಿತ್ತು; ಕೆಳಗಿನವರಿಗೆ ಒಂಬತ್ತೂವರೆಗೆ.