ಮೆಲ್ಲಗಣ್ಣ ಹೇಳಿ ಬಂದ

ಕಡಲು ನೋಡಲೆಂದು ಆ ಊರಿಗೆ ಹೋದವರಲ್ಲಿ ಮೆಲ್ಲಗಣ್ಣನ ಕೈ ಹಿಡಿಯದೆ ದೋಣಿ ಹತ್ತಿದವರು ಕಡಿಮೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಅವನಿಗೇ ಮರೆತಂತಿತ್ತು. ಜೆಟ್ಟಿಯ ಪಾಚಿಗಟ್ಟಿದ ಮೆಟ್ಟಿಲಿನಿಂದ ದೋಣಿಗೆ ಕಾಲಿಡುವ ಪ್ರತಿಯೊಬ್ಬರಿಗೂ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದ. ಕೊನೆಗೆ ಊರೇ ಅವನನ್ನು ಮೆಲ್ಲಗಣ್ಣ ಮಾಡಿತು.

ಅವನ ದೋಣಿ ಚಿಕ್ಕದು, ಮರದ್ದು. ಸುತ್ತು ಹೊರಟರೆ ಮೊದಲು ಬೆನ್ನಿಗೆ ಬೆನ್ನು ತಿರುಗಿಸಿ ನಿಂತ ಎರಡು ಬಂಡೆಗಳು, ಅಣ್ಣತಮ್ಮ ಬಂಡೆ. "ಆಸ್ತಿ ಪಾಲಾದ ಮೇಲೆ ಇವರು ಮಾತಾಡ್ತಿಲ್ಲ" ಎನ್ನುವನು. ಆಮೇಲೆ ಹಕ್ಕಿಗಳ ಗುಡ್ಡ. ಆಮೇಲೆ ಗುಹೆ. ಅಲ್ಲಿ ಒಂದು ಸಲ ಕೂಗಿದರೆ ಎರಡು ಸಲ ವಾಪಸ್ಸು ಬರುತ್ತದೆ. "ಇದು ನಮ್ಮ ಮನೆಯವಳ ತವರು" ಎಂದರೆ ಗಂಡಸರೆಲ್ಲ ನಗುವರು, ಹೆಂಗಸರು ಇನ್ನೂ ಜೋರಾಗಿ ನಗುವರು. ದೀಪಸ್ತಂಭಕ್ಕೆ ಸ್ವಲ್ಪ ಮುಂಚೆ, ನೀರು ಇಳಿದಾಗ ಮಾತ್ರ ಕಾಣುವ ಒಂದು ಕರಿ ಬಂಡೆ ಇತ್ತು. ಅಲ್ಲಿ ಮೆಲ್ಲಗಣ್ಣ ಇಂಜಿನ್ ಆರಿಸಿಬಿಡುತ್ತಿದ್ದ. ಯಾಕೆ ಎಂದು ಕೇಳಿದರೆ, "ಇಂಜಿನ್ನಿಗೂ ಉಸಿರು ಬೇಕಲ್ಲ ಸ್ವಾಮಿ" ಎಂದು ಬೇರೆ ಕಡೆ ನೋಡುತ್ತಿದ್ದ.

ಅವನ ಅಪ್ಪನ ದೋಣಿ ಒಡೆದದ್ದು ಅಲ್ಲೇ. ಅಪ್ಪ ಸಿಗಲೇ ಇಲ್ಲ.

ಇಷ್ಟು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಅಂದಿನ ಬೆಳಗಿನದು. ಅಂಗಿಯ ಗುಂಡಿ ಹಾಕಿ ಕೊಡು ಎಂದು ಅಪ್ಪ ಕೇಳಿದ್ದ. ಒಲೆಯ ಮುಂದೆ ಹೊಗೆ ತಿನ್ನುತ್ತಿದ್ದ ಅಮ್ಮ, "ನಿಮಗೆ ಕೈ ಇಲ್ವಾ?" ಎಂದುಬಿಟ್ಟಿದ್ದಳು. ಅವನು ಗುಂಡಿಯಿಲ್ಲದ ಅಂಗಿಯಲ್ಲೇ ಬಾಗಿಲು ದಾಟಿದ. ದಾಟುವಾಗ "ಬರ್ತೀನಿ" ಎನ್ನಲಿಲ್ಲ. "ಹೋಗ್ತೀನಿ" ಎಂದ. ನಮ್ಮ ಮಾತು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪು ತರಲು ಅಂಗಡಿಗೆ ಹೊರಟವನೂ ನಮ್ಮಲ್ಲಿ ಬರ್ತೀನಿ ಎಂದೇ ಹೊರಡುತ್ತಾನೆ. ಕರೆದು ಆ ಮಾತನ್ನು ತಿದ್ದಿಸಬೇಕು ಎಂದು ಅಮ್ಮನಿಗೆ ಅನ್ನಿಸಿತ್ತು. ಸಿಟ್ಟು ಬಿಡಲಿಲ್ಲ.

ಜ್ವರದಲ್ಲಿ ಮಲಗಿದ್ದಾಗ ಒಮ್ಮೆ ಅಮ್ಮ ಇದನ್ನು ಮಗನ ಕೈ ಹಿಡಿದು ಹೇಳಿ ಅತ್ತಿದ್ದಳು, ಮತ್ತೆ ಎಂದೂ ಎತ್ತಲಿಲ್ಲ. ಆದರೆ ಮನೆಯಿಂದ ಯಾರು ಹೊರಟರೂ ಬಾಗಿಲಿಗೆ ಬಂದು ನಿಲ್ಲುವಳು, ಬರ್ತೀನಿ ಎನ್ನುವವರೆಗೆ ಬಿಡುವವಳಲ್ಲ. ಕಂಡವರ ಅಂಗಿಯ ಗುಂಡಿಗಳನ್ನು ಎಳೆದು ನೋಡುವಳು, ಸಡಿಲವಿದ್ದರೆ ಬಿಚ್ಚಿಸಿ ಹೊಲಿಯುವಳು. ಜನ ಅದನ್ನು ಮುದುಕಿಯ ಗೀಳು ಎಂದುಕೊಂಡರು, ಅನ್ನಲಿ.

ಈ ಮಾತನ್ನು ಮೆಲ್ಲಗಣ್ಣ ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬನಿಗೆ, ಹೆಂಡತಿಯ ತಮ್ಮನಿಗೆ. ತಾಯಿಯಿಲ್ಲದವನೆಂದು ಅಕ್ಕನ ಹಿಂದೆಯೇ ಈ ಮನೆಗೆ ಬಂದ ಭಾಮೈದ. ಅವನೂ ಆ ಮುದುಕಿಯನ್ನು ಅಮ್ಮ ಎಂದೇ ಕರೆಯುವುದು. ಚುಕ್ಕಾಣಿ ಹಿಡಿಯಲು, ಅಲೆ ಓದಲು, ಜನರನ್ನು ನಗಿಸಲು ಭಾವನ ಪಕ್ಕದಲ್ಲೇ ಕಲಿತ. ಒಂದು ಮಧ್ಯಾಹ್ನ ಆ ಬಂಡೆಯ ಹತ್ತಿರ ಇಬ್ಬರೇ ಇದ್ದಾಗ ಮೆಲ್ಲಗಣ್ಣನ ಬಾಯಿಂದ ಎಲ್ಲ ಬಂತು. "ಹೊಟ್ಟೇಲಿ ಇಟ್ಕೋ" ಎಂದ. "ಅಷ್ಟೂ ಗೊತ್ತಾಗಲ್ವಾ ಭಾವ" ಎಂದ ಭಾಮೈದ.

ಆಮೇಲೆ ಊರಿಗೆ ಎರಡಂತಸ್ತಿನ ಬಿಳಿ ಬೋಟು ಬಂತು, ಮೈಕು, ಸ್ಪೀಕರು ಸಮೇತ. ಮಾತುಗಾರ ಬೇಕಾಗಿತ್ತು, ಅಷ್ಟರಲ್ಲಿ ಮದುವೆಯಾಗಿ ಬೇರೆ ಮನೆ ಮಾಡಿದ್ದ ಭಾಮೈದನನ್ನು ಕರೆದರು. "ಹೋಗೋ, ನೀನು ಮಕ್ಕಳೊಂದಿಗ" ಎಂದು ಕಳಿಸಿದವನು ಮೆಲ್ಲಗಣ್ಣನೇ. ತನ್ನ ಜೋಕುಗಳೆಲ್ಲ ಸ್ಪೀಕರಿನಲ್ಲಿ ಕೇಳಿಬಂದಾಗಲೂ ಬೇಜಾರಾಗಲಿಲ್ಲ. ಗುಹೆಯ ಮುಂದೆ ಭಾಮೈದ "ಇದು ನಮ್ಮ ಮನೆಯವಳ ತವರು" ಎಂದದ್ದು ಕೇಳಿ ದೋಣಿಯಲ್ಲೇ ಬಿದ್ದು ಬಿದ್ದು ನಕ್ಕ. ಆ ತವರಿನಲ್ಲಿ ಹುಟ್ಟಿದವನೇ ಅದನ್ನು ಹೇಳುತ್ತಿದ್ದಾನಲ್ಲ.

ಹೀಗಿರುವಾಗ ಒಂದು ದಿನ ಮೆಲ್ಲಗಣ್ಣ ಮನೆಯ ಮುಂದೆ ಹಗ್ಗ ಬಿಡಿಸುತ್ತ ಕೂತಿದ್ದ. ಊರು ನೋಡಲು ಬಂದ ಹುಡುಗಿಯೊಬ್ಬಳು ಗಂಡನ ಅಂಗಿ ಹಿಡಿದು ಒಳಗೆ ಹೋಗಿ, "ಅಜ್ಜಿ, ಒಂದು ಗುಂಡಿ ಹಾಕಿಕೊಡ್ತೀರಾ?" ಎಂದಳು. ಅಮ್ಮನಿಗೆ ಸ್ವರ್ಗ ಸಿಕ್ಕಂತಾಯಿತು. ಕನ್ನಡಕ ಏರಿಸಿ ಹೊಲಿಯುತ್ತಿದ್ದರೆ ಗಂಡ ಫೋಟೋ ಮೇಲೆ ಫೋಟೋ ತೆಗೆದ. ಹೊರಗೆ ಬಂದ ಮೇಲೆ ಆ ಹುಡುಗಿ ಕಣ್ಣೊರೆಸಿಕೊಳ್ಳುತ್ತ, "ಪಾಪ, ಈ ವಯಸ್ಸಲ್ಲೂ ಪಶ್ಚಾತ್ತಾಪ ಪಡ್ತಿದಾರೆ" ಎಂದಳು.

"ಏನಮ್ಮ ಹಾಗಂದ್ರೆ?"

"ಬೋಟಲ್ಲಿ ಹೇಳಿದ್ರಲ್ಲ. ಹಸಿರು ಬಾಗಿಲ ಮನೆ ಅಂತ."

ಮೆಲ್ಲಗಣ್ಣ ತಿರುಗಿ ತನ್ನ ಮನೆಯ ಹಸಿರು ಬಾಗಿಲು ನೋಡಿದ.

ಮರುದಿನ ತನ್ನ ದೋಣಿ ಬಿಡಲಿಲ್ಲ. ಟೋಪಿ ಎಳೆದುಕೊಂಡು ಬಿಳಿ ಬೋಟು ಹತ್ತಿ ಹಿಂದಿನ ಸಾಲಿನಲ್ಲಿ ಕೂತ. ಕೈ ಹಿಡಿದು ಹತ್ತಿಸುವವರು ಅಲ್ಲಿ ಯಾರೂ ಇರಲಿಲ್ಲ. ಅಣ್ಣತಮ್ಮ ಬಂಡೆ ಬಂತು, ಗುಡ್ಡ ಬಂತು, ಗುಹೆ ಬಂತು. ದೀಪಸ್ತಂಭದ ಮುಂಚೆ ಇಂಜಿನ್ ನಿಂತಿತು. ಆ ಮೌನವನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

"ನಮ್ಮಪ್ಪ ಮುಳುಗಿದ್ದು ಇಲ್ಲೇ" ಎಂದಿತು ಮೈಕು. ಗುಂಡಿ, ಒಲೆ, ಅಮ್ಮ ಆಡಿದ ಮಾತು, ಎಲ್ಲ ಒಂದೊಂದಾಗಿ ಬಂತು. ಕೊನೆಗೆ ತುಸು ತಡೆದು, ದನಿ ನಡುಗಿಸಿ, "ಹೋಗ್ತೀನಿ" ಎಂದ. ಬೋಟಿನ ತುಂಬ ಲೊಚ್‌ಲೊಚ್ ಎಂದರು. ಮುಂದಿನ ಸಾಲಿನ ಹೆಂಗಸೊಬ್ಬಳು, "ಒಂದು ಗುಂಡಿ ಹಾಕಿದ್ರೆ ಅವಳ ಗಂಟೇನು ಹೋಗ್ತಿತ್ತು? ಎಂಥ ಹೆಂಗಸೋ" ಎಂದು ಪಕ್ಕದವಳಿಗೆ ಹೇಳಿದಳು. ಜ್ವರದಲ್ಲಿ ತನ್ನ ಕೈಯನ್ನು ಹಿಡಿದಿದ್ದ ಆ ಒಣಗಿದ ಕೈ ಮೆಲ್ಲಗಣ್ಣನಿಗೆ ನೆನಪಾಯಿತು. ನಾಲ್ಕು ಗೋಡೆಯ ನಡುವೆಯೂ ಅವಳು ಎರಡನೇ ಸಲ ಆಡದ ಮಾತನ್ನು ತಾನೇ ಈ ಭಾಮೈದನ ಕೈಗೆ ಇಟ್ಟಿದ್ದ.

ಜೆಟ್ಟಿಯಲ್ಲಿ ಜನ ಇಳಿದು ಹೋಗುವವರೆಗೆ ಕಾದು ಟೋಪಿ ತೆಗೆದ. ಭಾಮೈದ ಒಂದು ಗಳಿಗೆ ಬಿಳಿಚಿಕೊಂಡ, ಮರುಗಳಿಗೆ ನಕ್ಕ.

"ಹೇಳಿದ್ರೆ ಮುಂದೆ ಕೂರಿಸ್ತಿದ್ನಲ್ಲ ಭಾವ."

"ನಮ್ಮಪ್ಪ ಅಂದ್ಯಲ್ಲೋ."

"ಹಾಗಂದ್ರೆ ಜನಕ್ಕೆ ನಾಟುತ್ತೆ. ಭಾವನ ಅಪ್ಪ ಅಂದ್ರೆ ಯಾರಿಗೆ ಅಳು ಬರುತ್ತೆ ಹೇಳು?"

"ಬಾಗಿಲು ಯಾಕೆ ತೋರಿಸ್ದೆ?"

"ಅದರಲ್ಲಿ ಕೆಟ್ಟದ್ದೇನಾಯ್ತು? ಅಮ್ಮಂಗೂ ಹೊತ್ತು ಹೋಗುತ್ತೆ. ಗುಂಡಿ ಖುಷಿಯಾಗೇ ಹಾಕಿಕೊಡ್ತಾರಂತೆ."

"ಅವಳಿಗೆ ಗೊತ್ತಾದ್ರೆ ಬದುಕಲ್ಲ ಕಣೋ. ಇವತ್ತಿಗೆ ನಿಲ್ಲಿಸಿಬಿಡು. ನಿನ್ನ ಕಾಲು ಹಿಡೀಬೇಕಾದ್ರೆ ಹಿಡೀತೀನಿ."

ಭಾಮೈದ ಬಿಳಿ ಬೋಟಿನ ಕಡೆ ನೋಡಿದ. ಮುಂದಿನ ಸುತ್ತಿಗೆ ಜನ ಆಗಲೇ ಸಾಲು ನಿಂತಿದ್ದರು. "ಆ ಬಂಡೆ ಕಥೆಗೇ ಭಾವ ಇವರೆಲ್ಲ ಬರೋದು. ಓನರು ಬಿಡಲ್ಲ." ಆಮೇಲೆ ಮಾತು ತೇಲಿಸುತ್ತ, "ಸಂಜೆ ಮನೆ ಕಡೆ ಬರ್ತೀನಿ, ಕೂತು ಮಾತಾಡೋಣ" ಎಂದ.

ಅವನ ಎದೆಯ ಮೇಲಿನ ಗುಂಡಿಗಳನ್ನು ಮೆಲ್ಲಗಣ್ಣ ನೋಡಿದ. ನೀಲಿ ಅಂಗಿಗೆ ಕರಿ ದಾರ. ಅಮ್ಮನ ಪೆಟ್ಟಿಗೆಯಲ್ಲಿ ಇರುವುದು ಅದೊಂದೇ ದಾರ. ಅವನಿಗೆ ಕೈ ಎತ್ತಬೇಕೆನ್ನಿಸಿತು, ಎತ್ತಲಿಲ್ಲ.

"ಹೋಗ್ತೀನಿ" ಎಂದ.

ಭಾಮೈದನ ನಗು ಅಲ್ಲಿಗೇ ನಿಂತಿತು. ಆ ಮನೆಯ ಅನ್ನ ಉಂಡು ಬೆಳೆದವನು, ಆ ಮಾತಿನ ತೂಕ ಗೊತ್ತಿದ್ದವನು. "ಭಾವ, ಬರ್ತೀನಿ ಅನ್ನು. ಭಾವ, ಹಾಗೆಲ್ಲ ಹೇಳಿ ಹೋಗ್ಬೇಡ" ಎಂದು ನಾಲ್ಕು ಹೆಜ್ಜೆ ಹಿಂದೆ ಬಂದ. ಮೆಲ್ಲಗಣ್ಣ ತಿರುಗಲಿಲ್ಲ. ಅಷ್ಟರಲ್ಲಿ ಬೋಟಿನವರು ಭಾಮೈದನನ್ನು ಮೈಕಿಗೆ ಕರೆದರು.

ಮನೆಯಲ್ಲಿ ಅಮ್ಮ ಹಸಿರು ಬಾಗಿಲಿನ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು.

"ಇವತ್ತು ಮತ್ತೆ ಇಬ್ಬರು ಬಂದಿದ್ರು ಕಣೋ" ಎಂದಳು. "ಈ ಊರಿಗೆ ಬರೋರ ಗುಂಡಿಯೆಲ್ಲ ಎಲ್ಲಿ ಬಿದ್ದುಹೋಗುತ್ತೋ ಕಾಣೆ. ನೀನೆಲ್ಲಿ ಹೋಗಿದ್ದೆ?"

"ಅವನ ಬೋಟಿಗೆ."

"ಒಳ್ಳೇದಾಯ್ತು. ಬರುವಾಗ ಅವನಿಗೆ ಹೇಳಿ ಬಂದ್ಯಾ?"

ಮೆಲ್ಲಗಣ್ಣ ಅವಳ ಪಕ್ಕ ಕೂತು ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟ.

"ಹೇಳಿ ಬಂದೆ ಅಮ್ಮ" ಎಂದ.